ಗೋಕರ್ಣಕ್ಕ ಹೊಂಟ ಗಾಡಿ

ನನ್ನ ಸ್ಕೂಟಿಗೆ ಏನೂ ಆಗಿರಲಿಲ್ಲ. ಇದನ್ನ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ಊರಾಗ ಹೇಳೋ ಕಥಿ ಬ್ಯಾರೆ ಐತಿ. ಒಂದ ಕಿಕ್ಕಿಗೆ ಚಾಲೂ ಆಗತಿತ್ತು, ಬ್ರೇಕ್ ಹಿಡದ್ರ ನಿಂದರತಿತ್ತು. ಗಾಡಿ ಅಂದ್ರ ಇನ್ನೇನ ಮಾಡಬೇಕ್ರಿ, ರೊಟ್ಟಿ ಬಡೀಬೇಕೇನು?

ರೋಣದಾಗ ನಂದು ಜಂಪರ ಹೊಲಿಯೋ, ಸೀರಿಗೆ ಫಾಲು ಹಚ್ಚೋ ಅಂಗಡಿ. ಗಜೇಂದ್ರಗಡಕ್ಕ ಹೋಗಿ ನೇಕಾರರ ಮನಿಯಿಂದ ಸೀರಿ ತರ್ತೀನಿ, ಫಾಲು ಹಚ್ಚಿ ನರಗುಂದದ ಅಂಗಡಿಗೆ ಮುಟ್ಟಸ್ತೀನಿ. ಕಾಲಾಗ ಒಂದು ಗಂಟು, ಹಿಂದ ಒಂದು ಗಂಟು, ನೆತ್ತಿ ಸುಡೋ ಬಿಸಲು, ಮೈಮ್ಯಾಲೆ ಬರೋ ಲಾರಿ. ಇಷ್ಟ ವರ್ಷದಾಗ ಒಬ್ಬರಾದ್ರೂ "ಹುಷಾರಬೇ ಯಕ್ಕಾ" ಅಂದಿದ್ರ ಕೇಳ್ರಿ. "ಲಗೂ ತಂದ ಕೊಡ್ರಿ, ಗಿರಾಕಿ ಕುಂತಾರ" ಅಂತಾರ.

ಹೋದ ದೀಪಾವಳಿ ಮುಗದ ಮ್ಯಾಲೆ ನಾನು, "ಇದ ಗಾಡಿ ಮ್ಯಾಲೆ ಒಬ್ಬಾಕಿನ ಗೋಕರ್ಣಕ್ಕ ಹೋಗಿ ಸಮುದ್ರ ನೋಡಿ ಬರ್ತೀನಿ" ಅಂದೆ. ತಗೋರಿ! ನನ್ನ ಜೀವದ ಮ್ಯಾಲೆ ಊರಿಗೆಲ್ಲಾ ಅವತ್ತ ಕಾಳಜಿ ಹುಟ್ಟಿತು. ದುಡಿಯಾಕ ಹೊಂಟ ಹೆಣ್ಮಗಳಿಗೆ ಯಾವ ಅಪಘಾತನೂ ಆಗಂಗಿಲ್ಲ, ತಿರಗಾಡಾಕ ಹೊಂಟಾಕಿಗೆ ಅಷ್ಟ ಆಗೋದು.

ಒಬ್ಬಾಕಿನ ಯಾಕಂದ್ರ, ನಮ್ಮನಿಯವರ ಸಲವಾಗಿ. ಅವರು ರಿಟೈರ್ ಆದ ಸಾಲಿ ಮಾಸ್ತರು. ಗಾಡಿ ಹೊಡಿಯಾಕ ಬರಂಗಿಲ್ಲ, ಕಲಿಯಲೂ ಇಲ್ಲ. ಆದ್ರ ಹಿಂದ ಕುಂತು ಅವರಷ್ಟು ಚಲೋ ಗಾಡಿ ಹೊಡಿಯೋರು ಜಿಲ್ಲಾದಾಗ ಇಲ್ಲ. "ಹಂಪ್ ಐತಿ. ಎಮ್ಮಿ ಐತಿ. ಎಮ್ಮಿ ನಿನ್ನ ಕಡೆ ನೋಡಾಕತ್ತೈತಿ. ಹಾರನ್ ಹೊಡಿ. ಅಷ್ಟ ಜೋರ ಯಾಕ ಹೊಡದಿ? ಎಮ್ಮಿ ಬೆದರತು ನೋಡು." ಸಾಲಿ ಬಿಟ್ರೂ ಪಾಠ ಬಿಟ್ಟಿಲ್ಲ, ಹುಡುಗರ ಬದಲಿ ನನ್ನ ಬೆನ್ನು ಸಿಕ್ಕೈತಿ. ಸಾಯೂದರೊಳಗ ಒಂದ ಸಲ, ಬೆನ್ನ ಹಿಂದ ಯಾರೂ ಪಿಟ್ ಅನ್ನದಂಗ ದೂರದ ಹಾದಿ ಗಾಡಿ ಹೊಡಿಬೇಕು. ನನಗ ಬೇಕಾಗಿದ್ದು ಇಷ್ಟ. ಸಮುದ್ರ ಬತ್ತಿಹೋಗೈತಿ ಅಂದಿದ್ರೂ ನಾ ಹೋಗಾಕಿನ.

ಅವರು ಜಗಳ ಮಾಡ್ತಾರಂತ ಕಾದೆ. ಮಾಡಲಿಲ್ಲ. "ಲಾಂಗ್ ಹೊಂಟೀದಿ, ಒಮ್ಮೆ ಸರ್ವಿಸಿಂಗ್ ಮಾಡಸು" ಅಂದು ಪೇಪರ್ ಓದಾಕ ಹತ್ತಿದ್ರು. ಮಾಸ್ತರು ಸುಮ್ಮನಾದ್ರಂದ್ರ ಒಳಗ ಏನೋ ಮಸಲತ್ತು ನಡದೈತಿ ಅಂತ ನನಗ ಅವತ್ತ ಸಂಶೆ ಬಂತು.

ಬಸ್ ಸ್ಟ್ಯಾಂಡ ಹಿಂದ ಉಸ್ತಾದನ ಗ್ಯಾರೇಜ್. ಭಾಳ ಚಲೋ ಮನಷ್ಯಾ. ಒಂದ ಕೆಟ್ಟ ಗುಣ ಅಂದ್ರ ಯಾರಿಗೂ ಇಲ್ಲ ಅನ್ನಾಕ ಬರಂಗಿಲ್ಲ. ಗ್ಯಾರೇಜ ಮುಂದ ಒಂದು ಬಾಕ ಐತಿ, ಅದರ ಮ್ಯಾಲೆ ಕೂಡೋರಿಗೆ ಯಾರಿಗೂ ಗಾಡಿ ಇಲ್ಲ, ಗ್ಯಾನ ಮಾತ್ರ ಐತಿ. ನಾ ಗಾಡಿ ನಿಲ್ಲಸೂದ ತಡ, "ಎಲ್ಲಿಗ್ರಿ?" ಅಂದ್ರು. ಗೋಕರ್ಣಕ್ಕ ಅಂದೆ. "ಇದರ ಮ್ಯಾಲೆ?" ಅಂತ ದವಾಖಾನಿಯಾಗ ಪೇಶಂಟ್ ನೋಡಿದಂಗ ನನ್ನ ಗಾಡಿ ನೋಡಿದ್ರು. ಒಬ್ಬಾಂವ ಘಟ್ಟದಾಗ ಎಂಜಿನ್ ಸೀಳತೈತಿ ಅಂದ. ಅಂವ ಘಟ್ಟ ನೋಡಿಲ್ಲ, ಅವನ ಷಡ್ಡಕ ನೋಡ್ಯಾನಂತ. ಇನ್ನೊಬ್ಬಾಂವ ಕಾರ್ಬೋರೇಟರ್ ಬಿಚ್ಚಸ್ರಿ ಅಂದ. ಮತ್ತೊಬ್ಬಾಂವ, ಬಿಚ್ಚಿದ್ರ ಪೂರಾ ಬಿಚ್ಚಬೇಕು, ಅರ್ಧಾ ಬಿಚ್ಚಬಾರದು ಅಂದ. ಉಸ್ತಾದ ಎಲ್ಲಾರಿಗೂ "ಹೌದ್ರಿ, ಖರೇ ಐತ್ರಿ" ಅಂದ.

ಮರುದಿನ ಹೋದ್ರ ಚಲೋ ಇದ್ದ ನನ್ನ ಗಾಡಿನ ಗೋಣಿಚೀಲದ ಮ್ಯಾಲೆ ಸಂಡಿಗಿ ಒಣಗಸಿದಂಗ ಹರವಿದ್ದ. "ನಾಳೆ ಬರ್ರಿ" ಅಂದ. ನಾಳೆ ಹೋದ್ರ ಮತ್ತ ನಾಳೆ. ಇರಲಾರದೆ ಇರುವಿ ಬಿಟಗೊಂಡಂಗ ಆತು ನನ್ನ ಬಾಳೆ. ಸೀರಿಗಂಟು ತಗೊಂಡು ಬಸ್ಸಿನಾಗ ನಿಂತ ತಿರಗಾಡಿದೆ. ಕಡೀಕ ಒಂದಿನ ಗಾಡಿ ಕೈಗೆ ಬಂತು. ಒಮ್ಮೆ ನೋಡೂಣು ಅಂತ ಗಜೇಂದ್ರಗಡದ ಹಾದಿ ಹಿಡದು ಸೂಡಿ ಕಡೆ ಹೊಡದೆ.

ನಲವತ್ತರ ಮ್ಯಾಲೆ ಏರವಲ್ಲದು! ರಟ್ಟಿ ನೋಯೂತನಾ ಆಕ್ಸಿಲೇಟರ್ ತಿರುವಿದೆ, ಊಹೂಂ. ಗೋವಿನಜೋಳ ತುಂಬಿದ ಟ್ರ್ಯಾಕ್ಟರ್ ಒಂದು ನನ್ನ ಹಿಂದ ಹಾಕಿ ಹೋತು. ಅದನ್ನ ಹೊಡಿಯಾಂವ ತಿರುಗಿ ನೋಡಿ, "ಯಕ್ಕಾ, ಹಗ್ಗ ಕಟ್ಟಿ ಎಳೀಲೇನ್ರಿ?" ಅಂದ. ಸಿಟ್ಟು ನೆತ್ತಿಗೇರತು. ಇದು ಮಾಸ್ತರ ಕೆಲಸ, ಬ್ಯಾರೆ ಯಾರದೂ ಅಲ್ಲ. ಸೂಡಿಯಿಂದ ರೋಣದ ತನಾ ಹಾದಿಯುದ್ದಕ್ಕೂ ಜಗಳ ತಯಾರ ಮಾಡಿಕೊಂತ ಬಂದೆ, ಲಗ್ನದ ದಿನದ್ದ ಹಿಡದು ಎಲ್ಲಾ ಜೋಡಿಸಿಕೊಂಡೆ.

"ಉಸ್ತಾದ್, ಏನ ಮಾಡಿಟ್ಟೀರಿ ನನ್ನ ಗಾಡಿಗೆ?"

ಅಂವ ನೆಲಾ ನೋಡಿದ. "ನಾ ಏನ ಮಾಡ್ಲಿರಿ ಅಕ್ಕಾರ? ಅಸೂಟಿಯಿಂದ ನಿಮ್ಮ ಅಣ್ಣಾರು ಬಂದು ನಲವತ್ತಕ್ಕ ಬಂದ್ ಮಾಡು ಅಂದ್ರು. ಆಕ್ಸಿಲೇಟರ್ ವೈರಿಗೆ ತಡಿ ಹಾಕಿದೆ. ನಿಮ್ಮ ಬಾಜೂಮನಿ ಕಂಡಕ್ಟರ್ ಸಾಹೇಬ್ರು ಬಂದು, ರಿಪೇರಿ ಎಳಿಯೂ ತನಾ ಎಳಿ, ಗೋಕರ್ಣದ ಹುಚ್ಚು ತಾನ ಇಳೀತೈತಿ ಅಂದ್ರು. ಎಳದೆ. ನರಗುಂದದ ಅಂಗಡಿಯವರು ಫೋನ್ ಮಾಡಿ, ಗಾಡಿ ಲಗೂ ಕೊಡು, ಆದ್ರ ಹುಬ್ಬಳ್ಳಿ ದಾಟದಂಗ ಮಾಡಿ ಕೊಡು ಅಂದ್ರು. ಅದು ಹ್ಯಾಂಗಂತ ನನಗ ತಿಳೀಲಿಲ್ರಿ. ಎಲ್ಲಾರೂ ನನ್ನ ಗಿರಾಕಿ, ಯಾರ ಮಾತ ಮುರೀಲಿ?"

"ಗಾಡಿ ಯಾರದು?"

"ನಿಮ್ಮದರಿ."

"ಮತ್ತ ನಾ ಗಿರಾಕಿ ಅಲ್ಲೇನು?"

ನಾ ಸೆರಗು ಸೊಂಟಕ್ಕ ಸಿಗಿಸಿ, "ನಮ್ಮ ಮಾಸ್ತರು ಏನ ಹೇಳಿ ಹೋಗ್ಯಾರ? ಅದನ್ನೂ ಹೇಳ್ರಿ" ಅಂದೆ.

"ಬಂದಿದ್ರರಿ. ಹಿಂದಿನ ಸೀಟಿನ ಮ್ಯಾಲೆ ಕಬ್ಬಿಣದ ಕ್ಯಾರಿಯರ್ ಕೂಡಸು, ಅಕಿಗೆ ಚೀಲ ಕಟ್ಟಾಕ ಬೇಕು, ಹೆಂಗೂ ನಾ ಕೂಡಂಗಿಲ್ಲಲ್ಲಾ ಅಂದ್ರು. ನಿಮ್ಮ ಚೀಲದ ಅಳತಿ ತಂದ ಕೊಟ್ಟಾರ್ರಿ." ಕಿಸೆದಾಗಿಂದ ಒಂದು ದಾರಾ ತಗದ. ನನ್ನ ಅಂಗಡಿದ ದಾರಾ, ಎರಡ ಕಡೆ ಗಂಟ ಹಾಕಿದ್ರು. "ವೆಲ್ಡಿಂಗಿಗೆ ಕೊಟ್ಟೀನಿ, ಸಂಜಿಗೆ ಬರತೈತಿ."

ಸೂಡಿಯಿಂದ ಹೊತಗೊಂಡ ಬಂದ ಅಷ್ಟೂ ಜಗಳ ಎಲ್ಲಿ ಇಳಸಬೇಕು ತಿಳೀಲಿಲ್ಲ. ತಂದದ್ದು ಹಾಳಾಗಬಾರದು ಅಂತ ಅರ್ಧಾ ಉಸ್ತಾದಗ, ಅರ್ಧಾ ಬಾಕಿನವರಿಗೆ ಹಂಚಿದೆ. ಅಣ್ಣನ ತಡಿ ನನ್ನ ಎದರಿಗೇ ಕಿತ್ತಸಿದೆ. ಸಂಜಿಗೆ ಕ್ಯಾರಿಯರ್ ಕೂಡಿಸಿಕೊಂಡು ಮನಿಗೆ ಹೋದೆ.

ಮಾಸ್ತರು ಕಟ್ಟಿ ಮ್ಯಾಲೆ ಕುಂತು ಶೇಂಗಾ ಸುಲಿಯಾಕತ್ತಿದ್ರು. ಕ್ಯಾರಿಯರ್ ಅಳ್ಳಾಡಿಸಿ ನೋಡಿ, ಗಟ್ಟಿ ಐತಿ ಅಂದ್ರು.

"ನೀವೂ ಬರ್ರಿ" ಅಂದೆ. ಬಾಯಿಂದ ಬಂದಬಿಟ್ಟಿತು. ಅಂದ ಮ್ಯಾಲೆ, ಎಲ್ಲಿ ಹೂಂ ಅಂದಬಿಡ್ತಾರೋ ಅಂತ ಎದಿ ಧಸಕ್ ಅಂತು.

"ಒಲ್ಲೆ. ಹಿಂದ ಕುಂತರ ನನಗ ಅಂಜಿಕಿ ಆಗತೈತಿ. ಅಂಜಿಕಿ ಆದ್ರ ಬಾಯಿ ನಿಂದರಂಗಿಲ್ಲ."

ಇಷ್ಟು ವರ್ಷ ಅದು ಅಂಜಿಕಿ ಅಂತ ನನಗ ಗೊತ್ತ ಇರಲಿಲ್ಲ. "ಮತ್ತ ಮನಿಯಾಗ ಕುಂತರ ಅಂಜಿಕಿ ಆಗಂಗಿಲ್ಲೇನು?" ಅಂತ ಕೇಳಿದೆ.

"ಹೆಚ್ಚ ಆಗತೈತಿ," ಅಂದು ಇನ್ನೊಂದು ಶೇಂಗಾ ಒಡದ್ರು. "ಆದ್ರ ಅದು ನಿನಗ ಕೇಳಸಂಗಿಲ್ಲಲ್ಲಾ. ಆರಾಮ ಹೋಗಿ ಬಾ."