ಬಸಲಿಂಗ ಬಿಗಿದ ಗರಗಸ

“ಆ ಮನೆಗೆ ಬಾಡಿಗೆ ಕಟ್ಟೋದು ಒಬ್ಬಳು, ಇರೋದು ಇಬ್ರು,” ಎಂದು ಪೀಣ್ಯ ಎರಡನೇ ಹಂತದ ಆ ಗಲ್ಲಿಯವರು ಹೇಳುತ್ತಿದ್ದರು. ನಲ್ಲಿಯ ಹತ್ತಿರ ಹೇಳುತ್ತಿದ್ದರು, ಹಾಲಿನ ಅಂಗಡಿಯ ಮುಂದೆ ಹೇಳುತ್ತಿದ್ದರು. ಆ ಮನೆಯ ಮಹಾದೇವಿ ಬರುವುದು ಕಂಡರೆ ಮಾತನ್ನು ತಿರುಗಿಸಿ ಸೊಪ್ಪಿನ ಮೇಲೆ ಹಾಕುತ್ತಿದ್ದರು. ಪಕ್ಕದ ಮನೆಯವರಂತೂ ಗೋಡೆಗೆ ಕಿವಿ ಕೊಟ್ಟು ಕೇಳಿದವರು. ಕಬ್ಬಿಣ ಹೇರಿಕೊಂಡ ಲಾರಿ ರಸ್ತೆಯಲ್ಲಿ ಹೋದಾಗಲೆಲ್ಲ ಆ ಗೋಡೆ ಗುಂಯ್ ಎನ್ನುತ್ತಿತ್ತು. ಲಾರಿ ತಿರುವು ದಾಟಿ ಹೋದ ಮೇಲೂ ಒಂದಷ್ಟು ಹೊತ್ತು ಎನ್ನುತ್ತಲೇ ಇರುತ್ತಿತ್ತು.

ಗೋಡೆಯ ಮೇಲೆ ಇದ್ದದ್ದು ಒಂದು ಗರಗಸ. ಈಗಿನ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಎರಡು ಮರದ ತೋಳು, ನಡುವೆ ಒಂದು ಅಡ್ಡಪಟ್ಟಿ. ತೋಳುಗಳ ಕೆಳತುದಿಗೆ ಅಲಗು, ಮೇಲ್ತುದಿಗೆ ಪುಂಡಿನಾರಿನ ಹಗ್ಗ. ಹಗ್ಗದೊಳಗೆ ಒಂದು ಕಡ್ಡಿ ತೂರಿಸಿ ತಿರುಚಿದರೆ ಅಲಗು ತಂತಿಯ ಹಾಗೆ ಬಿಗಿಯುತ್ತದೆ. ಕಡ್ಡಿಯನ್ನು ಅಡ್ಡಪಟ್ಟಿಗೆ ಒರಗಿಸಿದರೆ ಹಾಗೇ ನಿಲ್ಲುತ್ತದೆ.

ಅದು ಮಹಾದೇವಿಯ ಗಂಡ ಬಸಲಿಂಗನದು. ರೋಣದ ಕಡೆಯವನು. ಪೀಣ್ಯದ ಎರಕದ ಕಾರ್ಖಾನೆಗಳಿಗೆ ಮರದ ಅಚ್ಚು ಮಾಡಿಕೊಡುತ್ತಿದ್ದ. ಎಷ್ಟು ಯಂತ್ರ ಬಂದರೂ ಸೊಟ್ಟ ತಿರುವುಗಳಿಗೆ ಅವನಿಗೆ ಆ ಗರಗಸವೇ ಬೇಕು. ಬೆಳಿಗ್ಗೆ ಏಳು ಸುತ್ತು ತಿರುಚಿ ಬಿಗಿಯುವುದು, ಸಂಜೆ ಏಳು ಸುತ್ತು ಬಿಚ್ಚಿ ಸಡಿಲಿಸುವುದು. “ಗರಗಸಕ್ಕೂ ನಿದ್ದಿ ಬೇಕಾಕ್ಕೈತಿ” ಎನ್ನುತ್ತಿದ್ದ. ಅವನ ಮನೆತನದಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಬಿಗಿದ ಕೈಯೇ ಬಿಚ್ಚಬೇಕು. ಅಥವಾ ಬಿಗಿದವನು ಬಾಯಿಬಿಟ್ಟು ಇನ್ನೊಬ್ಬರಿಗೆ ಹೇಳಬೇಕು.

ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಕಾರ್ಖಾನೆಯಿಂದ ಫೋನು ಬಂತು. ಅಚ್ಚು ಕೂಡುತ್ತಿಲ್ಲ, ಕೂಡಲೇ ಬಾ ಎಂದರು. ಬಸಲಿಂಗ ಚಪ್ಪಲಿ ಮೆಟ್ಟುತ್ತಾ ಕೂಗಿದ: “ಮಾದೇವೀ, ನಾ ಬರೂದು ತಡಾ ಆಕ್ಕೈತಿ. ಹಗ್ಗ ನೀನ ಸಡ್ಲ ಮಾಡಿಬಿಡ.”

ಮಹಾದೇವಿ ರೊಟ್ಟಿ ಬಡಿಯುತ್ತಿದ್ದಳು. ಮೊಣಕೈತನಕ ಜೋಳದ ಹಿಟ್ಟು. “ನನ್ನ ಕೈ ಖಾಲಿ ಅದಾವೇನ್ರಿ? ಬಿಗಿದವ್ರ ಬಂದು ಬಿಚ್ರಿ!”

“ಆತ ಬಿಡ, ನಾನ ಬಂದು ಬಿಚ್ಚತೇನಿ,” ಎಂದು ನಕ್ಕು ಹೋದ. ಕಾರ್ಖಾನೆಯ ಮರಳಿನ ರಾಶಿಯ ಪಕ್ಕ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಗರಗಸ ಬಿಗಿದಂತೆಯೇ ಉಳಿಯಿತು. ದಿನಗಳು ಕಳೆದ ಮೇಲೆ ಮಹಾದೇವಿ ಅವನ ಜೊತೆಯ ಇಬ್ಬರು ಬಡಗಿಗಳನ್ನು ಕೇಳಿಕೊಂಡಳು. ಒಬ್ಬ ಹತ್ತಿರ ಹೋಗಿ ಕಡ್ಡಿಗೆ ಬೆರಳು ತಾಗಿಸಿ ಹಿಂದೆ ಸರಿದ. “ನಮ್ಮಿಂದಾಗಲ್ಲ ಅಕ್ಕಾ. ಅವ್ನು ನಿಮ್ಗೆ ಹೇಳಿ ಹೋದ, ನೀವು ಅವ್ನಿಗೇ ಹೇಳಿ ಕಳ್ಸಿದ್ರಿ. ನಡುವೆ ನಾವ್ಯಾರು?” ಮಹಾದೇವಿಗೆ ತಾನೇ ಮುಟ್ಟಲು ಭಯ. ಕಡ್ಡಿ ತಪ್ಪಿದರೆ ಬೆರಳು ಮುರಿಯುತ್ತದೆ ಎಂಬ ಭಯ ಒಂದು. ಇನ್ನೊಂದನ್ನು ಅವಳು ಯಾರಿಗೂ ಹೇಳಲಿಲ್ಲ. ಗೋಡೆ ಗುಂಯ್ ಎಂದಾಗಲೆಲ್ಲ ಅವಳು ಒಲೆಯ ಮುಂದಿನಿಂದಲೇ “ಬಂದ್ರೇನ್ರಿ?” ಎನ್ನುತ್ತಿದ್ದಳು. ಅದೂ ಇಲ್ಲದಿದ್ದರೆ ಆ ಮನೆಯಲ್ಲಿ ಮಾತಾಡಿಸಲು ಮತ್ಯಾರು?

ಹೀಗಿರುವಾಗ ಮನೆಯ ಒಡತಿ ಅನುಸೂಯಮ್ಮ ಬಂದು ಬಾಗಿಲಲ್ಲಿ ನಿಂತರು. ಆ ನೆಲದಲ್ಲಿ ಹಿಂದೆ ರಾಗಿ ಬೆಳೆದವರು ಅವರು. “ಮಾದೇವಕ್ಕಾ, ನನ್ ಮಕ್ಳು ಇಲ್ಲಿ ಪೀಜಿ ಕಟ್ಸ್ತಾರಂತೆ. ಸಾಲುಮನೆ ಎಲ್ಲಾ ಒಡೀತಾರೆ. ಮುಂದಿನ್ ತಿಂಗ್ಳು ಬಿಟ್ಕೊಡವ್ವ. ನಂಗೂ ಇಂಗೆ ಏಳಾಕೆ ಒಟ್ಟೆ ಉರೀತದೆ.”

ಮಹಾದೇವಿ ನೆಲಗದರನಹಳ್ಳಿಯಲ್ಲಿ ಒಂದು ಕೋಣೆ ನೋಡಿಕೊಂಡಳು. ಸಾಮಾನು ಕಟ್ಟತೊಡಗಿದಾಗ ಗರಗಸದ ಮುಂದೆ ಕೈ ನಿಂತಿತು. ಬಿಗಿದದ್ದನ್ನೇ ಹೊತ್ತೊಯ್ದರೆ ಗಂಡನನ್ನು ಹೊಸ ಮನೆಗೂ ಕಟ್ಟಿ ಎಳೆದ ಹಾಗೆ. ಬಿಟ್ಟು ಹೋದರೆ, ಬರುತ್ತೇನೆ ಎಂದವನು ಬಂದು ಒಡೆದ ಇಟ್ಟಿಗೆಯಲ್ಲಿ ಹುಡುಕಬೇಕು. ಬಿಚ್ಚಿದರೆ, ಅವನಿಗೆ ಬರಲು ಕಾರಣವೇ ಇಲ್ಲ.

ಮಹಾದೇವಿಯ ಬದುಕು ನಡೆಯುತ್ತಿದ್ದದ್ದು ರೊಟ್ಟಿ ಮಾರಿ. ಆ ವಾರವೇ ಮೂವತ್ತು ರೊಟ್ಟಿಗೆ ಆರ್ಡರು ಬಂತು. ಹಳೇ ಲೇತ್ ಶೆಡ್ಡಿನಲ್ಲಿ ಹರ್ಷವರ್ಧನ್ ಎಂಬವನು ಭಾನುವಾರದ ಮರಗೆಲಸ ಕಲಿಸುತ್ತಿದ್ದ. ಕಂಪನಿ ಕೆಲಸ ಬಿಟ್ಟು ಉಳಿ ಹಿಡಿದವನು. ಮಹಾದೇವಿ ರೊಟ್ಟಿಯ ಗಂಟು ಹೊತ್ತು ಒಳಗೆ ಕಾಲಿಟ್ಟಳು, ಮೇಜಿನ ಮೇಲೆ ಕಣ್ಣು ಬಿತ್ತು, ಗಂಟು ಕೈಯಲ್ಲೇ ನಿಂತಿತು. ಹತ್ತು ಮಂದಿಯ ಮುಂದೆ ಹತ್ತು ಜೊತೆ ತೋಳು, ಅಡ್ಡಪಟ್ಟಿ, ಅಲಗು, ಹಗ್ಗ. ಹನ್ನೊಂದನೆಯದರ ಮುಂದೆ ಯಾರೂ ಇರಲಿಲ್ಲ.

“ಇದು ಯಾರದ್ರಿ?”

“ಒಬ್ರು ಬರಲಿಲ್ಲ ಅಮ್ಮಾ. ಯಾಕೆ?”

“ನಾನ ಮಾಡ್ಲೇನ್ರಿ?”

ಹರ್ಷವರ್ಧನ್ ಅವಳ ಮುಖ ನೋಡಿದ. ಏನು ಕಂಡನೋ, ಸ್ಟೂಲು ಎಳೆದು ಕೊಟ್ಟ.

ಎರಡು ಭಾನುವಾರದ ಕೆಲಸ ಅದು. ತೋಳಿನಲ್ಲಿ ಉಳಿಯಿಂದ ಕಂಡಿ ಕೊರೆಯಬೇಕು, ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಅದರಲ್ಲಿ ಕೂರಿಸಬೇಕು. ಪಕ್ಕದಲ್ಲಿ ವೈಟ್‌ಫೀಲ್ಡಿನಿಂದ ಬಂದ ಕೃಪಾ. “ಆಫೀಸಲ್ಲಿ ಬೇರೆಯವ್ರ ತಪ್ಪು ಹುಡುಕೋದೇ ನನ್ ಕೆಲಸ ಆಂಟಿ. ಇಲ್ಲಿ ನೋಡಿ, ಎಲ್ಲಾ ನಂದೇ,” ಎನ್ನುತ್ತಾ ಕಂಡಿಗೆ ಧಾರಾಳವಾಗಿ ಗೋಂದು ಸುರಿದಳು.

“ಅಯ್ಯಯ್ಯೋ ಮೇಡಂ, ಗೋಂದು ಹಾಕ್ಬಿಟ್ರಾ!” ಹರ್ಷವರ್ಧನ್ ಓಡಿಬಂದ. “ಇದಕ್ಕೆ ಗೋಂದಿಲ್ಲ, ಮೊಳೆ ಇಲ್ಲ. ಎಳೆತ ಒಂದೇ ಹಿಡ್ಕೊಂಡಿರೋದು. ಅದು ಹೋದ್ರೆ ಎಲ್ಲಾ ಬೇರೆ ಬೇರೆ.”

ಎಲ್ಲರೂ ನಕ್ಕರು. ಮಹಾದೇವಿ ನಗಲಿಲ್ಲ.

ಎರಡನೇ ಭಾನುವಾರ ಹಗ್ಗ ಸುತ್ತಿ ಬಿಗಿಯುವ ಪಾಠ. ಉಳಿದವರ ಕಡ್ಡಿ ಜಾರುತ್ತಿತ್ತು, ಅಲಗು ಓಲುತ್ತಿತ್ತು. ಮಹಾದೇವಿಯ ಕೈ ಯಾರೂ ಹೇಳಿಕೊಡದೆ ಹೆಬ್ಬೆರಳನ್ನು ಅಡ್ಡ ಇಟ್ಟುಕೊಂಡಿತು. ಬಸಲಿಂಗನ ಹಾಗೆ. ಏಳು ಸುತ್ತಿಗೆ ತಾನಾಗಿ ನಿಂತಿತು. ಹರ್ಷವರ್ಧನ್ ಬಂದು ಅಲಗನ್ನು ಉಗುರಿನಿಂದ ಮೀಟಿದ. ಗುಂಯ್. ಅದೇ ಗುಂಯ್. ಮಹಾದೇವಿಯ ಬಾಯಿಂದ “ಬಂದ್ರೇನ್ರಿ” ಎಂದು ಬಂದೇಬಿಟ್ಟಿತು.

“ಯಾರು ಅಮ್ಮಾ?”

ಆಗ ಅವಳು ಎಲ್ಲ ಹೇಳಿದಳು. ಕೊನೆಗೆ ಕೇಳಿದಳು: “ಹನ್ನೊಂದ ವರ್ಷ ಬಿಗಿದಿದ್ದ ಹಗ್ಗ ಹ್ಯಾಂಗ ಬಿಚ್ಚೂದ್ರಿ?”

ಹರ್ಷವರ್ಧನ್ ತಲೆಯಾಡಿಸಿದ. “ಅಷ್ಟು ವರ್ಷ ಬಿಗಿ ಇರೋ ಚಾನ್ಸೇ ಇಲ್ಲ ಅಮ್ಮಾ. ಒಂದು ಮಳೆಗಾಲ, ಒಂದು ಬೇಸಿಗೆ ಸಾಕು, ನಾರಿನ ಹಗ್ಗ ತಾನೇ ಸಡಿಲ ಆಗ್ಬಿಡುತ್ತೆ. ನಿಮ್ಮನೇಲಿ ಯಾರೋ ಆಗಾಗ ಬಿಗಿ ಮಾಡ್ತಿರ್ಬೇಕು.”

“ಮನ್ಯಾಗ ನಾ ಒಬ್ಬಾಕೀನ್ರಿ.”

ಕೃಪಾಳ ಕೈಯಿಂದ ಕಡ್ಡಿ ಬಿಟ್ಟುಕೊಂಡು ಟಪ್ ಎಂದು ಮೇಜಿಗೆ ಬಡಿಯಿತು. ಯಾರೂ ಅತ್ತ ತಿರುಗಲಿಲ್ಲ.

ಹರ್ಷವರ್ಧನ್ ಅವಳ ಗರಗಸ ಎತ್ತಿ, ಬಿಚ್ಚುವ ಬಗೆ ಮೆಲ್ಲಗೆ ತೋರಿಸಿಕೊಟ್ಟ. ಎಡಗೈಯಲ್ಲಿ ತೋಳನ್ನು ಎದೆಗೆ ಒತ್ತಿ ಹಿಡಿಯಬೇಕು. ಬಲಗೈಯಲ್ಲಿ ಕಡ್ಡಿಯನ್ನು ಅಡ್ಡಪಟ್ಟಿಯಿಂದ ಆಚೆ ಎಳೆದು ಒಂದೊಂದೇ ಸುತ್ತು ಬಿಡಬೇಕು. ಕೈ ಮಾತ್ರ ಬಿಡಬಾರದು. “ನಾನೇ ಬಂದು ಬಿಚ್ಚಿಕೊಡ್ಲಾ?”

“ಬ್ಯಾಡ್ರಿ. ಮಾತು ನಂದು.”

ಮಂಗಳವಾರ ಬೆಳಿಗ್ಗೆ ಸಾಮಾನಿನ ಗಾಡಿ ಬಂತು. ಮಂಚ ಹೋಯಿತು, ಹಿಟ್ಟು ನಾದುವ ಕೊಣಮಿಗೆ ಹೋಯಿತು, ರೊಟ್ಟಿಯ ಹಂಚು ಹೋಯಿತು. ಖಾಲಿ ಮನೆಯಲ್ಲಿ ಗರಗಸ ಒಂದೇ ಉಳಿಯಿತು. ಮಹಾದೇವಿ ಬಾಗಿಲು ಮುಂದೆ ಮಾಡಿದಳು. ಸೀರೆಯ ಸೆರಗಿಗೆ ಕೈ ಒರೆಸಿಕೊಂಡಳು, ಹಿಟ್ಟೇನೂ ಇರಲಿಲ್ಲ, ಆದರೂ ಒರೆಸಿಕೊಂಡಳು. ಗರಗಸವನ್ನು ಇಳಿಸಿ ಎದೆಗೆ ಒತ್ತಿಕೊಂಡಳು. ಕಡ್ಡಿ ಹಿಡಿದಳು. ಬೆಚ್ಚಗಿತ್ತು.

“ರೀ,” ಎಂದಳು. “ಅವತ್ತ ನಾ ಅಂದದ್ದ ಮಾತು ಹಿಂದಕ್ಕ ತಗೊಂಡೇನ್ರಿ. ನೀವು ಹೇಳಿದ್ದ ಕೆಲಸ ನಾನ ಮಾಡತೇನಿ.”

ಒಂದು ಸುತ್ತು. ಎರಡು. ಏಳರವರೆಗೆ ಎಣಿಸಿದಳು. ಹಗ್ಗ ಇನ್ನೂ ಬಿಗಿಯಾಗಿಯೇ ಇತ್ತು. ಎಂಟು, ಒಂಬತ್ತು, ಹದಿನಾಲ್ಕು. ಎಣಿಕೆ ಬಿಟ್ಟಳು. ಅಂಗೈಗೆ ಆನಿಕೊಂಡಿದ್ದ ಭಾರ ಸುತ್ತು ಸುತ್ತಿಗೂ ಹಗುರಾಗುತ್ತಾ ಬಂತು. ನಡುವೆ ಒಮ್ಮೆ ಅವಳ ಕೈ ನಿಂತಿತು. ಇನ್ನು ಕೆಲವೇ ಸುತ್ತು ಎಂದು ತೋರಿದಾಗ, ಅಲ್ಲಿಗೇ ಬಿಟ್ಟು, ಮತ್ತೆ ಒರಗಿಸಿ, ಹೊಸ ಕೋಣೆಗೆ ಒಯ್ಯಲೇ ಎಂದು ಜೀವ ಎಳೆಯಿತು. ಹೊರಗೆ ಗಾಡಿಯವನು ಹಾರನ್ ಹೊಡೆದ. ಮಹಾದೇವಿ ಕಣ್ಣು ಮುಚ್ಚಿ ತಿರುಗಿಸಿದಳು.

ಕಡ್ಡಿ ಸುಮ್ಮನೆ ಅವಳ ಮಡಿಲಿಗೆ ಬಿತ್ತು. ತೋಳುಗಳು ಕಳಚಿದವು, ಅಡ್ಡಪಟ್ಟಿ ಉರುಳಿತು. ನಾಲ್ಕು ತುಂಡು ಮರ, ಒಂದು ಅಲಗು, ಒಂದು ಸುಕ್ಕುಗಟ್ಟಿದ ಹಗ್ಗ. ಕಡ್ಡಿಯನ್ನು ಮತ್ತೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಅವಳು ನೆಲದ ಮೇಲೆ ಕೂತು ಹನ್ನೊಂದು ವರ್ಷದಲ್ಲಿ ಅಳದಷ್ಟು ಅತ್ತಳು. ಆಮೇಲೆ ಎಲ್ಲವನ್ನೂ ಒಂದು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಎದ್ದಳು.

ಬಾಗಿಲಲ್ಲಿ ಅನುಸೂಯಮ್ಮ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. ವಿಧವೆಗೆ ಕೊಡುವುದೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ತಾವೇ ಅವಳ ಹಣೆಗೆ ಇಟ್ಟರು. ಮಹಾದೇವಿ ಬೀಗದ ಕೈ ಅವರ ಅಂಗೈಗೆ ಹಾಕಿ, ಒಳಗೆ ತಿರುಗಿ ನೋಡಿ ಹೇಳಿದಳು:

“ಹೋಕ್ಕೇನ್ರಿ.”

“ಅಂಗನ್ಬಾರ್ದು ಕಣವ್ವ!” ಅನುಸೂಯಮ್ಮ ಬೆಚ್ಚಿದರು. “ಓಗ್ ಬತ್ತೀನಿ ಅನ್ನು. ಎಲ್ಲಿಗೋದ್ರೂ ಬತ್ತೀನಿ ಅಂತ್ಲೇ ಏಳ್ಬೇಕು.”

ಮಹಾದೇವಿ ಪಂಚೆಯ ಗಂಟನ್ನು ಕಂಕುಳಲ್ಲಿ ಸರಿಮಾಡಿಕೊಂಡು, ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಿ ಗಾಡಿಯ ಕಡೆ ನಡೆದಳು.