ತೌಡಿನಲ್ಲಿ ಮಿಂದ ಡೈಸಿ

ಬಂಗಾರಪೇಟೆಯ ಗೆಳತಿಯರೇ, ನನ್ನ ಬೆಕ್ಕು ಡೈಸಿ ಇನ್ನು ಮೇಲೆ ಅತ್ತೆಯ ಮನೆಯೊಳಗೇ ಇರಬಹುದು, ಮಧ್ಯಾಹ್ನವಷ್ಟೇ ಅಪ್ಪಣೆ ಸಿಕ್ಕಿತು, ಖುಷಿಗೆ ಕೂತಲ್ಲಿ ಕೂರಲಾಗುತ್ತಿಲ್ಲ ನನಗೆ.

ಬೆಳಿಗ್ಗೆ ಬೀಸಿದ ಗಾಳಿಗೆ ಚಿನ್ನದ ಗಣಿಯ ಪುಡಿಮಣ್ಣು ಸುರಿದ ಸಯನೈಡ್ ದಿಬ್ಬದ ಧೂಳೆಲ್ಲ ಉರಿಗಾಮಿನ ನಮ್ಮ ಮನೆಗೆ ನುಗ್ಗಿ, ಕರಿ ಬೆಕ್ಕು ಬೂದಿ ಬೆಕ್ಕಾಗಿತ್ತು. ಅತ್ತೆ ಅಡುಗೆಮನೆಯ ಬಾಗಿಲಿಗೇ ಅಡ್ಡ ನಿಂತರು.

"ನೀರುಯ್ದು ತೊಳಿ, ಇಲ್ಲಾಂದ್ರೆ ಆಚೆ ಬಿಟ್ಬಿಡಮ್ಮ."

ಆಚೆ ಬೀದಿ ನಾಯಿಗಳು. ನೀರು ಕಂಡರೆ ಡೈಸಿ ನನ್ನ ಕೈಯನ್ನೇ ಪರಚುತ್ತಾಳೆ. ಧೂಳು ಹೀರಲೆಂದು, ಹಸುವಿಗೆ ತಂದಿದ್ದ ತೌಡನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಅವಳ ಕೂದಲಿಗೆ ತಿಕ್ಕಿದೆ, ಮದುವೆಗೆ ಉಡುಗೊರೆ ಬಂದ ಬಾಚಣಿಗೆಯಿಂದ ಬಾಚಿದೆ, ಒದ್ದೆ ಬಟ್ಟೆಯಲ್ಲಿ ಪಾದ ಒರೆಸಿದೆ. ನಾಲ್ಕು ಸಲ ತಪ್ಪಿಸಿಕೊಂಡಳು, ನಾಲ್ಕು ಸಲವೂ ಮಂಚದಡಿಯಿಂದ ಎಳೆದು ತಂದೆ.

ಅತ್ತೆ ಹೋಗಿ ಮಾವನ ಬಿಳಿ ಪಂಚೆ ತಂದು ಡೈಸಿಯ ಬೆನ್ನು ಒರೆಸಿ ನೋಡಿದರು. ಪಂಚೆಗೆ ಒಂದು ಕಲೆಯೂ ಅಂಟಲಿಲ್ಲ. ಆಮೇಲೆ ನನ್ನನ್ನು ನೋಡಿದರು. ನನ್ನ ಹುಬ್ಬಿನ ಮೇಲೂ ತೌಡು.

"ಬೆಕ್ಕು ಒಳಗಿರ್ಲಿ. ನೀನ್ ಮೊದ್ಲು ಓಗಿ ನೀರುಯ್ಕೊಂಡ್ ಬಾ."

ಡೈಸಿ ಹಾಗೇ ಬುಟ್ಟಿಯಲ್ಲಿ, ನಾನು ಮಾತ್ರ ಮಿಂದು ಮಡಿಯಾಗಿ, ಇಬ್ಬರೂ ನಿಮ್ಮಲ್ಲಿಗೆ ಬರುತ್ತೇವೆ: ಶನಿವಾರ, ಬೆಳಗಿನ ಮೊದಲ ಗಾಡಿಗೆ.