ಕುರ್ರ್ ಅನ್ನುತ್ತಿದ್ದ ಡಾಕ್ಟರಬಾಯಿ

ಮೊನ್ನೆ ಬೆಟಗೇರಿಯ ಔಷಧದಂಗಡಿಯಲ್ಲಿ ಸೀಸೆಯೊಂದು ಒಡೆದು, ಗುಳ್ಳೆಗಳಿಗೆ ಹಚ್ಚುವ ನೇರಳೆ ಔಷಧ ಕಟ್ಟೆಯ ಮೇಲೆಲ್ಲ ಹರಿಯಿತು. ನನಗೆ ಅಲ್ಲಿನ ಹೆರಿಗೆ ಆಸ್ಪತ್ರೆಯ ಡಾಕ್ಟರಬಾಯಿ ನೆನಪಾದರು...

ಆಗ ನಾವಿನ್ನೂ ಮುಂಬಯಿ ರಾಜ್ಯದವರು. ಕರ್ನಾಟಕ ಒಂದಾಗಬೇಕೆಂದು ಕಾಲೇಜಿನ ಚರ್ಚಾಕೂಟದಲ್ಲಿ ನಾನು ಗಂಟಲು ಹರಿದುಕೊಳ್ಳುತ್ತಿದ್ದ ದಿನಗಳು. ಅಕ್ಕ ಆ ಆಸ್ಪತ್ರೆಯಲ್ಲಿ ಹೆತ್ತಳು. ತೊಟ್ಟಿಲಿಗೆ ಹಾಕುವಾಗ ಸೋದರತ್ತೆ ಕಿವಿಯಲ್ಲಿ ಕುರ್ರ್ ಎಂದು ಹೆಸರು ಕರೆಯುವಂತೆ, ಹುಟ್ಟಿದ ಪ್ರತಿ ಕೂಸಿನ ಕಿವಿಗೆ ಮುಖವಿಟ್ಟು ಮೊದಲು 'ಕುರ್ರ್' ಅನ್ನುವುದು ಡಾಕ್ಟರಬಾಯಿಯವರ ರೂಢಿ. ಅಕ್ಕನ ಕೂಸಿಗೂ ಅಂದರು.

ನಾಲ್ಕು ದಿನಕ್ಕೆ ಕೂಸಿನ ಮೈಮೇಲೆ ಕೀವಿನ ಗುಳ್ಳೆ ಎದ್ದವು. ಪಕ್ಕದ ಕೂಸುಗಳಿಗೂ ಎದ್ದಿದ್ದವು. ಕೂಸುಗಳಿಗೆ ನೀರೆರೆಯುತ್ತಿದ್ದ, ಹೊಂಬಳ ಊರಿನ ಆಯಾಳ ಮೇಲೆ ಎಲ್ಲರ ಕಣ್ಣು ಬಿತ್ತು.

"ಆಕಿ ಕೈಗುಣನ ಛಲೋ ಇಲ್ರಿ, ತಗದು ಹಾಕ್ರಿ," ಎಂದಳು ಅವ್ವ. ಆಯಾ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು. ಅವಳ ಸಂಬಳದ ಮೇಲೆಯೇ ಮನೆ ನಡೆಯುತ್ತಿತ್ತು.

ಡಾಕ್ಟರಬಾಯಿ ಗುಳ್ಳೆಗಳ ಕೀವನ್ನೂ, ಆಯಾ ಮತ್ತು ನರ್ಸುಗಳ ಮೂಗಿನೊಳಗೆ ಹತ್ತಿಕಡ್ಡಿ ಆಡಿಸಿ ಸಿಂಬಳವನ್ನೂ ತೆಗೆದರು, ಮುಂಬಯಿಯ ಪ್ರಯೋಗಶಾಲೆಗೆ ಕಳಿಸಲು.

"ಈ ಕ್ರಿಮಿ ಭಾಳ ಮಂದಿ ಮೂಗಿನ್ಯಾಗ ಇರತೈತಿ. ಒಂದ ಜಾತಿ ಖರೆ, ಆದ್ರ ಅದರಾಗ ಬ್ಯಾರೆ ಬ್ಯಾರೆ ಮನೆತನ. ಇವನ್ನ ತಿನ್ನೋ ಇನ್ನೂ ಸಣ್ಣ ಜೀವಿ ಅದಾವು. ಯಾವುದಕ್ಕ ಯಾವ ಕ್ರಿಮಿ ಸಾಯತೈತಿ ನೋಡಿದ್ರ, ಮನೆತನ ತಿಳೀತೈತಿ," ಎಂದರು.

"ಹಂಗಾದ್ರ ನಿಮ್ಮ ಮೂಗ ಯಾಕ ಬಿಟ್ರಿ?" ಎಂದೆ.

"ಏನಲೇ ತಮ್ಮಾ, ವಕೀಲ ಆಗಾಂವೇನು?" ನಕ್ಕು, ತಮ್ಮ ಮೂಗಿಗೂ ಕಡ್ಡಿ ಹಾಕಿಕೊಂಡರು.

ಉತ್ತರ ಬಂತು. ಗುಳ್ಳೆಗಳ ಕ್ರಿಮಿಯದೂ ಡಾಕ್ಟರಬಾಯಿಯವರ ಮೂಗಿನದೂ ಒಂದೇ ಮನೆತನ. ಆಯಾಳದು ಬೇರೆ.

ಅವರು ನೇರ ಅಕ್ಕನ ಮಂಚದ ಬಳಿ ಕೂತಿದ್ದ ಅವ್ವನ ಹತ್ತಿರ ಬಂದರು. "ಕೈಗುಣ ಅಲ್ರವ್ವಾ, ಮೂಗಿನ ಗುಣ. ಅದೂ ನಂದು. ಕುರ್ರ್ ಅನ್ನಾಕ ಮಾರಿ ಹತ್ರ ಒಯ್ದಾಗ ಹತ್ತೇತಿ."

ನಾನು ಸುಮ್ಮನಿರಬೇಕಲ್ಲ? "ಕೂಸಿನಿಂದನ ನಿಮಗ ಹತ್ತಿರಬಹುದಲ್ರಿ?"

"ಇರಬಹುದು. ನಾ ದೂರ ನಿಂದರತೀನಿ. ಏನಾಗತೈತಿ ನೋಡೂಣು."

ಮೂಗಿಗೆ ಮುಲಾಮು ಹಚ್ಚಿಕೊಂಡು, ಹೆರಿಗೆಗಳನ್ನು ಬೇರೊಬ್ಬ ಡಾಕ್ಟರಿಗೆ ಒಪ್ಪಿಸಿ, ಅವರು ಕಿಟಕಿಯಾಚೆ ನಿಂತರು. ಹೊಸ ಕೂಸುಗಳಿಗೆ ಗುಳ್ಳೆ ಏಳಲಿಲ್ಲ. ಇಷ್ಟರಿಂದ ಪೂರ್ತಿ ಸಾಬೀತಾಯಿತೆಂದು ನಾನು ಇಂದಿಗೂ ಒಪ್ಪುವುದಿಲ್ಲ. ಆದರೆ ಆಯಾಳ ಕೆಲಸ ಉಳಿಯಿತು. ಅಕ್ಕನ ಮಗ ಮೈತುಂಬ ನೇರಳೆ ಬಣ್ಣ ಬಳಿಸಿಕೊಂಡು, ಹೋಳಿ ಆಡಿದವನಂತೆ ಮನೆಗೆ ಬಂದ. ಆ ನಗು ಇನ್ನೂ ಮನೆಯಲ್ಲಿದೆ...

ರಾಜ್ಯ ಒಂದಾಗುವ ಹೊತ್ತಿಗೆ ಡಾಕ್ಟರಬಾಯಿ ತಮ್ಮೂರಿಗೆ ಹೋಗಿಬಿಟ್ಟಿದ್ದರು. ಮೊನ್ನೆ ಅಂಗಡಿಯಿಂದ ಆಸ್ಪತ್ರೆಯ ಹಿತ್ತಲಿಗೆ ನಡೆದೆ. ಅದೇ ಆಯಾ, ಈಗ ತಲೆ ನರೆತವಳು, ಕಾಲು ಚಾಚಿ ಕೂಸಿಗೆ ಎರೆಯುತ್ತಿದ್ದಳು.

"ಡಾಕ್ಟರಬಾಯಾರು ತೀರಿಕೊಂಡ್ರು ತಮ್ಮಾ, ಹೋದ ತಿಂಗಳ ಖಬರ ಬಂತು," ಎಂದಳು. ಕೂಸನ್ನು ಬೋರಲು ಹಾಕಿಕೊಂಡು, "ಎಲ್ಲಾದಕ್ಕೂ ವಾದ ಹಾಕ್ತಿದ್ದಿ. ಇದಕ್ಕೂ ಹಾಕು, ನೋಡೂಣು."

ನಾನು ತಂಬಿಗೆ ತುಂಬಿ ಅವಳ ಕೈಗೆ ಕೊಟ್ಟೆ. ಅವಳ ಕಾಲ ಮೇಲಿನ ಕೂಸು, ಮೈಯಲ್ಲಿ ಒಂದು ಗುಳ್ಳೆಯೂ ಇಲ್ಲದೆ, ಬಿಸಿನೀರಿಗೆ ಕಿರುಚುತ್ತಿತ್ತು.